ದಮನಕನು ಸ್ಪೇನಿಗೆ ಹೋದ ದಾರಿ

ಹಳ್ಳಿಮೈಸೂರಿನ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ಒಂದು ಮಳೆಯ ಮಧ್ಯಾಹ್ನ, ನಮ್ಮ ಮೇಷ್ಟರು ಕರಟಕ ದಮನಕರ ಕಥೆ ಹೇಳಿದರು. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಸ್ನೇಹ ಬೆಳೆದದ್ದು, ದಮನಕನೆಂಬ ನರಿ ಇಬ್ಬರ ಕಿವಿಯಲ್ಲೂ ಚಾಡಿ ಊದಿದ್ದು, ಕಡೆಗೆ ಸಿಂಹ ತನ್ನ ಗೆಳೆಯನನ್ನೇ ಕೊಂದದ್ದು, ಎಲ್ಲವೂ ಕಣ್ಣಿಗೆ ಕಟ್ಟುವಂತೆ ಬಂತು. ಒಕ್ಕಲು ಮಕ್ಕಳಾದ ನಮಗೆ ಎತ್ತು ಸತ್ತದ್ದು ಸಹಿಸಲಾಗಲಿಲ್ಲ. ನಾನು ಎದ್ದು ನಿಂತು ಕೇಳಿದೆ:

“ಆಮೇಲೆ ದಮನಕಂಗೆ ಏನಾಯ್ತು, ಸಾ?”

“ಮಂತ್ರಿಯಾದ. ಕೂತ್ಕೊ.”

“ಶಿಕ್ಷೆ ಆಗ್ಲಿಲ್ವಾ, ಸಾ?”

“ಪುಸ್ತಕದಲ್ಲಿರೋದು ಅಷ್ಟೇ ಕಣೋ.”

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಐವತ್ತು ವರ್ಷಗಳ ಮೇಲೆ, ಸ್ಪ್ಯಾನಿಷ್ ಭಾಷೆಯ ಒಂದು ಹಳೆಯ ಪುಸ್ತಕದಲ್ಲಿ. ಅದು ಸಿಕ್ಕಿದ ಬಗೆಯನ್ನೂ, ಆ ನೆಪದಲ್ಲಿ ಒಂದು ಪರಸಾಹಿತ್ಯವನ್ನು ಓದಲು ಕಲಿತ ಪಾಡನ್ನೂ ಇಲ್ಲಿ ಹೇಳುತ್ತೇನೆ.

ಕೆಲಸದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ಮಗನ ಮನೆ ಸೇರಿದಾಗ ಹೊತ್ತು ಹೋಗುವುದೇ ಕಷ್ಟವಾಯಿತು. ನೆರೂಡ, ಲೋರ್ಕಾ, ಮಾರ್ಕೆಸ್ ಮೊದಲಾದವರನ್ನು ನಾನು ಕನ್ನಡದಲ್ಲಿ ಓದಿದ್ದೆ. ಅವರೆಲ್ಲರೂ ನಮ್ಮಲ್ಲಿಗೆ ಬಂದದ್ದು ಹೆಚ್ಚಾಗಿ ಇಂಗ್ಲಿಷಿನ ಮೂಲಕ. ತಂದುಕೊಟ್ಟವರ ಋಣವನ್ನು ಮರೆಯುವಂತಿಲ್ಲ. ಆದರೂ ನೆಂಟರ ಮಾತನ್ನು ನೆರೆಮನೆಯವರ ಬಾಯಿಂದ ಕೇಳಿದಂತೆ ಏನೋ ಒಂದು ಕೊರತೆ ಉಳಿದಿತ್ತು. ಸಂಜೆಯ ತರಗತಿಯೊಂದಕ್ಕೆ ಸೇರಿದೆ. ಪಾಠ ಹೇಳುವ ಹುಡುಗಿ ನನ್ನ ಮೊಮ್ಮಗಳ ವಯಸ್ಸಿನವಳು. “ಅಂಕಲ್, ನಿಮಗೆ ಪರೀಕ್ಷೆ ಕಡ್ಡಾಯವಲ್ಲ” ಎಂದು ಮೊದಲ ದಿನವೇ ಅಭಯ ಕೊಟ್ಟಳು.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಪದಗಳು. ಸಕ್ಕರೆಗೆ ಅವರು ‘ಅಸೂಕಾರ್’ ಎನ್ನುತ್ತಾರೆ. ಸಂಸ್ಕೃತದ ಶರ್ಕರೆಯು ಪಾರಸಿಗೆ ಹೋಗಿ, ಅಲ್ಲಿಂದ ಅರಬ್ಬಿಯಲ್ಲಿ ಸುಕ್ಕರ್ ಆಗಿ, ಅರಬರೊಡನೆ ಸ್ಪೇನಿಗೆ ಇಳಿದಾಗ ತಾಳಿದ ರೂಪ ಅದು. ನಮ್ಮ ಕಡೆಯ ಹೊಲಗಳಲ್ಲಿ ಬೆಳೆಯುವ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪುಗಳು ಇದಕ್ಕೆ ಎದುರು ದಿಕ್ಕಿನ ಪ್ರಯಾಣಿಕರು. ಅಮೆರಿಕದ ಮೂಲನಿವಾಸಿಗಳ ಬೆಳೆಗಳು ಸ್ಪೇನ್, ಪೋರ್ಚುಗಲ್‌ಗಳ ಹಡಗು ಹತ್ತಿ ಹೊರಜಗತ್ತಿಗೆ ಬಂದುವು. ಹಾಸನದ ಸಂತೆಯೂ ಸ್ಪೇನಿನ ಸಂತೆಯೂ ಕೊಟ್ಟು ಕೊಂಡು ಮಾಡಿ ಶತಮಾನಗಳೇ ಆಗಿವೆ. ನಾವು ಲೆಕ್ಕ ಬರೆದಿಟ್ಟಿಲ್ಲ, ಅಷ್ಟೆ.

ಸಕ್ಕರೆ ಹೋದ ದಾರಿಯಲ್ಲೇ ಕಥೆಯೂ ಹೋಗಿತ್ತು. ಪಾರಸಿಯ ದೊರೆ ಖುಸ್ರು ಅನೂಷಿರ್ವಾನನ ಕಾಲದಲ್ಲಿ, ಎಂದರೆ 6ನೆಯ ಶತಮಾನದಲ್ಲಿ, ಬುರ್ಜೋಯ್ ಎಂಬ ವೈದ್ಯನು ಪಂಚತಂತ್ರದ ಕಥೆಗಳನ್ನು ಪಹ್ಲವಿ ಭಾಷೆಗೆ ತಂದನು. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅದನ್ನು ಅರಬ್ಬಿಗೆ ತಿರುಗಿಸಿದನು. ಕರಟಕ ದಮನಕರು ಅಲ್ಲಿ ಕಲೀಲ ಮತ್ತು ದಿಮ್ನ ಆದರು. ಆ ಅರಬ್ಬಿಯಿಂದ 1251ರಲ್ಲಿ, ಮರುವರ್ಷ ಪಟ್ಟಕ್ಕೆ ಬರಲಿದ್ದ ರಾಜಕುಮಾರ ಅಲ್ಫೋನ್ಸೋನ ಆಶ್ರಯದಲ್ಲಿ, ‘ಕಲೀಲಾ ಎ ದಿಮ್ನಾ’ ಎಂಬ ಸ್ಪ್ಯಾನಿಷ್ ಗದ್ಯಕೃತಿ ಸಿದ್ಧವಾಯಿತು. ಆ ಭಾಷೆಯ ಕಥಾಗದ್ಯ ಕಣ್ಣು ಬಿಡುತ್ತಿದ್ದ ಕಾಲ ಅದು.

ಕನ್ನಡವು ಈ ಕೆಲಸವನ್ನು ಸುಮಾರು 220 ವರ್ಷ ಮೊದಲೇ ಮಾಡಿ ಮುಗಿಸಿತ್ತು. ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿನಲ್ಲಿ ತನ್ನ ಪಂಚತಂತ್ರವನ್ನು ಚಂಪುವಾಗಿ ಬರೆದನು. ಅವನು ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪರಂಪರೆಯನ್ನು. ಒಂದೇ ಮನೆತನದ ಎರಡು ಕವಲುಗಳು, ಒಂದು ಕನ್ನಡಕ್ಕೆ, ಒಂದು ಸ್ಪೇನಿಗೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡ ದಿನ ನನಗೆ ಆದ ಸಂತೋಷವನ್ನು ಹೇಳಲಾರೆ.

ಅಲ್ಲಿಯೇ ನನ್ನ ಹಳೆಯ ಪ್ರಶ್ನೆಗೆ ಉತ್ತರವಿತ್ತು. ಅರಬ್ಬಿ ಪುಸ್ತಕದಲ್ಲಿ ಮೂಲದಲ್ಲಿಲ್ಲದ ಒಂದು ಹೊಸ ಅಧ್ಯಾಯ ಸೇರಿದೆ, ದಿಮ್ನನ ವಿಚಾರಣೆ. ಸಿಂಹದ ತಾಯಿ ಪಟ್ಟು ಹಿಡಿಯುತ್ತಾಳೆ. ನರಿಗಳಿಬ್ಬರ ಮಾತನ್ನು ಮರೆಯಲ್ಲಿ ನಿಂತು ಕೇಳಿಸಿಕೊಂಡ ಚಿರತೆ ಸಾಕ್ಷಿ ಹೇಳುತ್ತದೆ. ದಿಮ್ನ ವಕೀಲರನ್ನೂ ನಾಚಿಸುವಂತೆ ವಾದ ಮಾಡುತ್ತಾನೆ. ಆದರೂ ಶಿಕ್ಷೆಗೆ ಗುರಿಯಾಗಿ ಸಾಯುತ್ತಾನೆ. ನಾಲ್ಕನೆಯ ತರಗತಿಯಲ್ಲಿ ನನಗೆ ಬಂದ ಸಂಕಟವೇ ಎಂದೋ ಒಬ್ಬ ಅನುವಾದಕನಿಗೂ ಬಂದಿರಬೇಕು. ಅವನು ಸುಮ್ಮನೆ ಕೂರಲಿಲ್ಲ.

ಇಷ್ಟಾದ ಮೇಲೆ ಬಿಟ್ಟರೂ ಆಗುತ್ತಿತ್ತು. ಆದರೆ ರುಚಿ ಹತ್ತಿತ್ತು. ಕಥೆಯಿಂದ ಪದ್ಯಕ್ಕೆ ಬಂದೆ. ‘ರೊಮಾನ್ಸೆ’ ಎಂದರೆ ಅವರ ಲಾವಣಿ. ಸಾಲಿಗೆ ಎಂಟು ಅಕ್ಷರಗುಚ್ಛಗಳ ಲೆಕ್ಕ. ಬೆರಳು ಮಡಿಸಿ ಎಣಿಸಿದರೆ ಒಂಬತ್ತಾಗುತ್ತಿತ್ತು, ಹತ್ತಾಗುತ್ತಿತ್ತು. ಕವಿ ತಪ್ಪಿದನೆಂದೇ ತಿಳಿದೆ. ತಪ್ಪಿದವನು ನಾನು. ಒಂದು ಪದದ ಕೊನೆಯ ಸ್ವರವೂ ಮುಂದಿನ ಪದದ ಮೊದಲ ಸ್ವರವೂ ಉಚ್ಚಾರಣೆಯಲ್ಲಿ ಕೂಡಿ ಒಂದಾಗುತ್ತವೆ. ಬರವಣಿಗೆಯಲ್ಲಿ ಮಾತ್ರ ಕಾಣುವುದಿಲ್ಲ. ಸಂಧಿಪ್ರಕರಣ ಓದಿದ ಕನ್ನಡಿಗನಿಗೆ ಇದನ್ನು ಹೇಳಿಕೊಡಬೇಕೆ? ಸಾಲಿನ ಕೊನೆಯ ಪದದ ಕಡೆಯ ಅಕ್ಷರದ ಮೇಲೆ ಒತ್ತು ಬಿದ್ದರೆ ಒಂದನ್ನು ಸೇರಿಸಿ ಎಣಿಸಬೇಕೆಂಬುದು ಇನ್ನೊಂದು ನಿಯಮ.

ಪ್ರಾಸದಲ್ಲಂತೂ ಅವರು ನಮಗೆ ತಲೆಕೆಳಗು. ನಮ್ಮ ಆದಿಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಬೇರೆಯಾಗಬಹುದು. ಅವರ ರೊಮಾನ್ಸೆಯಲ್ಲಿ ಸಾಲಿನ ಕೊನೆಯ ಸ್ವರಗಳು ಒಂದಾಗಬೇಕು, ವ್ಯಂಜನಗಳು ಬೇರೆಯಾಗಬಹುದು. ಅದೂ ಸಾಲು ಬಿಟ್ಟು ಸಾಲು. ಇದು ತಿಳಿಯುವವರೆಗೆ ಆ ಪದ್ಯಗಳು ನನ್ನ ಕಿವಿಗೆ ಪ್ರಾಸವೇ ಇಲ್ಲದ ಒಣಮಾತುಗಳಾಗಿದ್ದುವು. ಬೇರೆಯವರ ಪದ್ಯ ಸಪ್ಪೆಯೆನಿಸಿದಾಗ ಮೊದಲು ನಮ್ಮ ಕಿವಿಯನ್ನು ಪರೀಕ್ಷಿಸಿಕೊಳ್ಳಬೇಕೆಂಬ ಬುದ್ಧಿ ಅಂದು ಬಂತು.

ಕಾದಂಬರಿಯನ್ನು ಓದಲು ಕಲಿಸಿದ್ದು 1554ರಲ್ಲಿ ಅಚ್ಚಾದ ‘ಲಾಸರಿಯೋ ದೆ ತೋರ್ಮೆಸ್’ ಎಂಬ ಸಣ್ಣ ಪುಸ್ತಕ. ಬರೆದವರ ಹೆಸರು ಅದರ ಮೇಲಿಲ್ಲ. ಕುರುಡನ ಕೈಹಿಡಿದು ನಡೆಸುವ ಒಬ್ಬ ಬಡ ಹುಡುಗ ಹೊಟ್ಟೆಪಾಡಿಗಾಗಿ ಯಜಮಾನರಿಂದ ಯಜಮಾನರಿಗೆ ಅಲೆಯುವ ಕಥೆ. ನಕ್ಕು ನಕ್ಕು ಓದಿದೆ. ಎರಡನೆಯ ಸಲ ಓದುವಾಗ ನಗು ನಿಂತಿತು. ಅದು ಕಥೆಯಲ್ಲ, ‘ತಾವು’ ಎಂದು ಕರೆಯಲ್ಪಡುವ ಯಾರೋ ದೊಡ್ಡವರಿಗೆ ಬರೆದ ಸಮಜಾಯಿಷಿ. ಬೆಳೆದು ಸಂಸಾರಿಯಾದ ಆ ಹುಡುಗನ ಮನೆಯ ಮೇಲೆ ಊರಿಗೆ ಒಂದು ಗುಮಾನಿ. ಅದಕ್ಕೆ ವಿವರಣೆ ಕೊಡಲು ಅವನು ತನ್ನ ಇಡೀ ಬಾಳನ್ನೇ ಬಿಚ್ಚಿಟ್ಟಿದ್ದಾನೆ. ಯಾರು ಹೇಳುತ್ತಿದ್ದಾನೆ, ಯಾರಿಗೆ, ಏತಕ್ಕಾಗಿ ಎಂಬ ಮೂರು ಪ್ರಶ್ನೆಗಳನ್ನು ಅಂದಿನಿಂದ ಯಾವ ಕಥೆಯ ಮುಂದೆಯೂ ಕೇಳದೆ ಬಿಟ್ಟಿಲ್ಲ. 1559ರಲ್ಲಿ ಧರ್ಮಾಧಿಕಾರಿಗಳು ಈ ಪುಸ್ತಕವನ್ನು ನಿಷೇಧಿಸಿದರೆಂಬುದು, ಅವರೂ ಅದನ್ನು ಸರಿಯಾಗಿಯೇ ಓದಿದ್ದರೆಂಬುದಕ್ಕೆ ಸಾಕ್ಷಿ.

ನಾಟಕಗಳ ಪೈಕಿ ನನ್ನ ಮನಸ್ಸಿನಲ್ಲಿ ನಿಂತದ್ದು ಲೋಪೆ ದೆ ವೇಗನ ‘ಫುಯೆಂತೆ ಓವೆಹೂನ’. ಅದು ಒಂದು ಹಳ್ಳಿಯ ಹೆಸರು. 1476ರಲ್ಲಿ ಆ ಹಳ್ಳಿಯವರು ತಮ್ಮನ್ನು ಪೀಡಿಸುತ್ತಿದ್ದ ಅಧಿಕಾರಿಯನ್ನು ಕೊಂದರು. ಕೊಂದವರು ಯಾರೆಂದು ಹಿಂಸಿಸಿ ಕೇಳಿದರೆ ನಾಟಕದಲ್ಲಿ ಎಲ್ಲರೂ ಊರಿನ ಹೆಸರನ್ನೇ ಹೇಳುತ್ತಾರೆ. ಕಡೆಗೆ ರಾಜ ಕ್ಷಮಿಸುತ್ತಾನೆ. ಓದುತ್ತಿದ್ದಾಗ ನನ್ನ ಮನಸ್ಸು ಶಿವಮೊಗ್ಗದ ಕಡೆಯ ಈಸೂರಿಗೆ ಹೋಯಿತು. 1942ರ ಚಳವಳಿಯಲ್ಲಿ ಅಲ್ಲಿ ಅಧಿಕಾರಿಗಳು ಸತ್ತರು. 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ನಾಟಕದ ರಾಜನ ಕ್ಷಮೆ ಎಷ್ಟು ಅಪರೂಪದ ವಸ್ತುವೆಂದು ಆಗ ತಿಳಿಯಿತು.

ಇನ್ನು ಸೆರ್ವಾಂಟೆಸನ ‘ದೋನ್ ಕಿಹೋತೆ’. ಅದರ ಮೊದಲ ಭಾಗ 1605ರಲ್ಲಿ, ಎರಡನೆಯದು 1615ರಲ್ಲಿ ಬಂದುವು. ಕಾದಂಬರಿಯೊಳಗೆ ಲೇಖಕನು ಒಂದು ತಮಾಷೆ ಮಾಡುತ್ತಾನೆ. ತೊಲೇದೋ ನಗರದ ಪೇಟೆಯಲ್ಲಿ ಅರಬ್ಬಿಯ ಹಳೆಯ ಕಡತವೊಂದು ತನಗೆ ಸಿಕ್ಕಿತೆಂದೂ, ಒಣದ್ರಾಕ್ಷಿ ಮತ್ತು ಗೋಧಿಯ ಕೂಲಿಗೆ ಒಬ್ಬ ಮೊರಿಸ್ಕೋ ಅದನ್ನು ಅನುವಾದಿಸಿದನೆಂದೂ ಹೇಳುತ್ತಾನೆ. ಮೊರಿಸ್ಕೋಗಳೆಂದರೆ ಕ್ರೈಸ್ತಮತಕ್ಕೆ ಸೇರಿಸಲ್ಪಟ್ಟ ಮುಸಲ್ಮಾನರ ಸಂತತಿಯವರು. ತೊಲೇದೋ ಹಿಂದೆ ಅರಬ್ಬಿಯಿಂದ ಅನುವಾದ ನಡೆಯುತ್ತಿದ್ದ ಹೆಸರಾಂತ ಊರು. ಕಲೀಲ ದಿಮ್ನರು ನಿಜವಾಗಿ ಬಂದ ದಾರಿಯಲ್ಲಿಯೇ ತನ್ನ ನಾಯಕನೂ ಬಂದನೆಂದು ಸೆರ್ವಾಂಟೆಸ್ ನಟಿಸುತ್ತಾನೆ. ಆದರೆ ಆ ಎರಡು ಭಾಗಗಳ ನಡುವೆ, 1609ರಿಂದ 1614ರ ವರೆಗೆ, ಸ್ಪೇನಿನ ರಾಜಾಜ್ಞೆಯಂತೆ ಮೊರಿಸ್ಕೋಗಳನ್ನು ಲಕ್ಷಗಟ್ಟಲೆ ದೇಶದಿಂದ ಹೊರದೂಡಲಾಯಿತು. ಎರಡನೆಯ ಭಾಗದಲ್ಲಿ ರಿಕೋತೆ ಎಂಬ ಮೊರಿಸ್ಕೋ, ವೇಷ ಮರೆಸಿಕೊಂಡು ತಾಯ್ನಾಡಿಗೆ ಮರಳಿ, ಹಳೆಯ ನೆರೆಯವನಾದ ಸಾಂಚೋನೊಡನೆ ಕುಳಿತು ರೊಟ್ಟಿ ಹಂಚಿಕೊಳ್ಳುತ್ತಾನೆ. ನಮ್ಮ ದಮನಕನನ್ನು ಆ ನಾಡಿಗೆ ಮುಟ್ಟಿಸಿದ್ದು ಅರಬ್ಬಿ ಭಾಷೆ. ಆ ಭಾಷೆಯನ್ನಾಡಿದವರ ಮೊಮ್ಮಕ್ಕಳಿಗೆ ಅಲ್ಲಿ ಜಾಗವಿಲ್ಲದೆ ಹೋಯಿತು. ಆ ಪುಟದಲ್ಲಿ ನಿಘಂಟನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಕಿಹೋತೆಯೂ ಕಡೆಗೆ ಭಾರತಕ್ಕೆ ಬಂದ. 1930ರ ದಶಕದಲ್ಲಿ ಕಾಶ್ಮೀರದ ಇಬ್ಬರು ಪಂಡಿತರು, ನಿತ್ಯಾನಂದ ಶಾಸ್ತ್ರಿ ಮತ್ತು ಜಗದ್ಧರ ಜಾಡೂ, ಅದರ ಕೆಲವು ಅಧ್ಯಾಯಗಳನ್ನು ಇಂಗ್ಲಿಷಿನಿಂದ ಸಂಸ್ಕೃತಕ್ಕೆ ತಂದರು. ಅದು ಅಚ್ಚಾದದ್ದು 2019ರಲ್ಲಿ. ಪಂಚತಂತ್ರದ ಸಾಲವನ್ನು ಸ್ಪೇನು ಹೀಗೆ ಬಡ್ಡಿಯಿಲ್ಲದೆ ತೀರಿಸಿತೆನ್ನಬಹುದು.

ಹೋದ ಬೇಸಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮ ಮೇಷ್ಟರು ತೀರಿಕೊಂಡು ಬಹಳ ಕಾಲವಾಯಿತು. ಜಗಲಿಯಲ್ಲಿ ಕೂತಿದ್ದ ಅಣ್ಣನ ಮೊಮ್ಮಗನಿಗೆ ಅದೇ ಕಥೆಯನ್ನು ಹೇಳಿ, ಈ ಸಲ ವಿಚಾರಣೆಯ ಅಧ್ಯಾಯವನ್ನೂ ಸೇರಿಸಿ, ದಮನಕನಿಗೆ ತಕ್ಕ ಶಾಸ್ತಿಯಾಯಿತೆಂದು ಮುಗಿಸಿದೆ. ಅರ್ಧ ಶತಮಾನದ ಬಾಕಿ ತೀರಿತೆಂಬ ಹೆಮ್ಮೆ ನನಗೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ:

“ಚಾಡಿ ಹೇಳ್ದೋನಿಗೆ ಶಿಕ್ಷೆ ಆಯ್ತು, ಸರಿ. ಎತ್ತನ್ನ ಕೊಂದಿದ್ದು ಸಿಂಹ ಅಲ್ವಾ ತಾತ? ಅದಕ್ಕೇನಾಯ್ತು?”

ಸಿಂಹ ಪಶ್ಚಾತ್ತಾಪಪಟ್ಟಿತು ಎಂದೆ. ಪುಸ್ತಕದಲ್ಲಿರುವುದು ಅಷ್ಟೇ. ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅವನು ಮುಂದೆ ಯಾವ ಭಾಷೆ ಕಲಿಯುತ್ತಾನೋ ನೋಡಬೇಕು.