ಮುಖದ ಬಂಗು: ಪರೀಕ್ಷೆಗೆ ಚರ್ಮ ಕತ್ತರಿಸುತ್ತಾರೆಯೇ?

ಕೆನ್ನೆಯ ಮೇಲೆ ಕಂದು ಕಲೆ ಕಂಡರೆ ನಮ್ಮಲ್ಲಿ ಹಲವರು ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ. ವೈದ್ಯರು ಮುಖದ ಚರ್ಮ ಕತ್ತರಿಸಿ ಟೆಸ್ಟ್‌ಗೆ ಕಳಿಸಿದರೆ ಗುರುತು ಉಳಿಯುತ್ತದೆ ಎಂಬ ಭಯವೂ ಇದಕ್ಕೆ ಒಂದು ಕಾರಣ. ಇದು ನಿಜವೇ?

ಸಾಮಾನ್ಯವಾಗಿ ಅಲ್ಲ. ಎರಡೂ ಕೆನ್ನೆ, ಹಣೆ, ಮೇಲ್ದುಟಿಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಹರಡಿದ ಕಲೆಯನ್ನು ಚರ್ಮರೋಗ ತಜ್ಞರು ಕಣ್ಣಳತೆಯಲ್ಲೇ ಬಂಗು, ಅಂದರೆ ಮೆಲಾಸ್ಮಾ ಎಂದು ಗುರುತಿಸುತ್ತಾರೆ. ಬಿಸಿಲು, ಗರ್ಭಧಾರಣೆ, ಗರ್ಭನಿರೋಧಕ ಮಾತ್ರೆ, ಮನೆಯವರಲ್ಲಿ ಯಾರಿಗಾದರೂ ಇದೆಯೇ ಎಂದು ವಿಚಾರಿಸುತ್ತಾರೆ. ಬಯಾಪ್ಸಿ ಬೇಕಾಗುವುದು ಅನುಮಾನ ಉಳಿದಾಗ ಮಾತ್ರ.

ಮುಂದಿನ ಹೆಜ್ಜೆ ವುಡ್ಸ್ ಲ್ಯಾಂಪ್. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರ ಹೆಸರು ಹೊತ್ತ ಈ ದೀಪ ಸುಮಾರು 365 ನ್ಯಾನೋಮೀಟರ್‌ನ ನೇರಳಾತೀತ ಬೆಳಕು ಬೀರುತ್ತದೆ. ಕತ್ತಲೆ ಕೋಣೆಯಲ್ಲಿ, ಕಣ್ಣು ಮುಚ್ಚಿಸಿ, ಕೆಲವೇ ನಿಮಿಷದಲ್ಲಿ ಮುಗಿಯುವ ಪರೀಕ್ಷೆ. ಕಪ್ಪು ಬಣ್ಣದ ಮೆಲನಿನ್ ಚರ್ಮದ ಮೇಲ್ಪದರದಲ್ಲಿದ್ದರೆ ಕಲೆ ಇನ್ನಷ್ಟು ಗಾಢವಾಗಿ ಎದ್ದು ಕಾಣುತ್ತದೆ. ಆಳದಲ್ಲಿದ್ದರೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಆಳದ ಬಂಗು ಕ್ರೀಮಿಗೆ ಸುಲಭವಾಗಿ ಬಗ್ಗುವುದಿಲ್ಲ. ತೊನ್ನಿನ ಬಿಳಿ ಕಲೆಯಾದರೆ ಇದೇ ಬೆಳಕಿನಲ್ಲಿ ನೀಲಿಬಿಳಿಯಾಗಿ ಹೊಳೆಯುತ್ತದೆ.

ಆದರೆ ಈ ದೀಪವೇ ಎಲ್ಲವನ್ನೂ ಹೇಳಿಬಿಡುವುದಿಲ್ಲ. ಮೈಬಣ್ಣ ತುಂಬಾ ಗಾಢವಾಗಿದ್ದರೆ ವ್ಯತ್ಯಾಸ ಸರಿಯಾಗಿ ಕಾಣದು. ಮೇಕಪ್, ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋದರೂ ದಾರಿ ತಪ್ಪಿಸುತ್ತದೆ. ಅದಕ್ಕೇ ಡರ್ಮಾಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಭೂತಗನ್ನಡಿಯಿಂದಲೂ ನೋಡುತ್ತಾರೆ. ಇದು ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಸೂಜಿ ಇಲ್ಲ, ನೋವಿಲ್ಲ. (ಪಾರ್ಲರ್‌ನ ‘ಸ್ಕಿನ್ ಅನಲೈಸರ್’ ಯಂತ್ರ ಕಲೆಯ ಫೋಟೋ ತೋರಿಸಬಹುದು, ಯಾವ ಕಾಯಿಲೆ ಎಂದು ನಿರ್ಧರಿಸುವುದು ಅದರ ಕೆಲಸವಲ್ಲ.)

ನಮಗೆ ಮುಖ್ಯ ಎನಿಸಿದ್ದು ಡರ್ಮಾಸ್ಕೋಪ್ ಹೊರಗೆಡವುವ ಇನ್ನೊಂದು ಸಂಗತಿ: ಕ್ರೀಮಿನಿಂದಲೇ ಆದ ಹಾನಿ. ‘ಬೆಳ್ಳಗಾಗುವ’ ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ, ಅಕ್ಕಪಕ್ಕದವರಿಗೂ ಅದೇ ಟ್ಯೂಬಿನ ಶಿಫಾರಸು ಹೋಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಜಾಲದಂತೆ ಕಾಣುತ್ತವೆ. ಬಿಟ್ಟರೆ ಉರಿ, ಕೆಂಪು. ಹೈಡ್ರೋಕ್ವಿನೋನ್ ಅನ್ನು ವರ್ಷಗಟ್ಟಲೆ ಹಚ್ಚಿದ ಕೆಲವರಲ್ಲಿ ಕಲೆ ನೀಲಿಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಂಗು ಎಂದುಕೊಂಡು ಅದೇ ಕ್ರೀಮ್ ಇನ್ನಷ್ಟು ಹಚ್ಚಿದರೆ ಕಲೆ ಇನ್ನೂ ಕಪ್ಪಾಗುತ್ತದೆ.

ತಜ್ಞರ ಬಳಿ ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ, ಚೀಲದಲ್ಲಿ ಹಾಕಿಕೊಂಡು ಹೋಗಿ.