ಗಡ್ಡೆ ತೆಗೆದ ಮೇಲೆ

1967ರ ಜುಲೈನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್ ಒಂದೂವರೆ ವರ್ಷದ ಮಗುವೊಂದಕ್ಕೆ ಯಕೃತ್ತಿನ ಕಸಿ ಮಾಡಿದರು. ಮಗುವಿಗಿದ್ದದ್ದು ಯಕೃತ್ತಿನ ಕ್ಯಾನ್ಸರ್. ಅದಕ್ಕೆ ಮೊದಲು ಈ ಶಸ್ತ್ರಚಿಕಿತ್ಸೆಗೆ ಒಳಗಾದ ಯಾರೂ ಹೆಚ್ಚು ದಿನ ಉಳಿದಿರಲಿಲ್ಲ. ಈ ಮಗು ವರ್ಷ ದಾಟಿ ಬದುಕಿತು. ಕೊನೆಗೆ ಪ್ರಾಣ ತೆಗೆದದ್ದು ಮರಳಿ ಬಂದ ಕ್ಯಾನ್ಸರ್.

ಇಡೀ ಅಂಗವನ್ನೇ ಬದಲಿಸಿದರೂ ಬಿಡದ ರೋಗ ಯಾರಲ್ಲಿ ಮರುಕಳಿಸೀತು ಎಂದು ಮೊದಲೇ ಹೇಳುವ ಬಗೆ ಆಗ ಇರಲಿಲ್ಲ.

ಇದ್ದ ಅಳತೆಗೋಲು ಬೇರೆ ಕೆಲಸದ್ದು. ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಸಿರೋಸಿಸ್‌ನ ರೋಗಿಗಳಲ್ಲಿ ಯಾರು ಶಸ್ತ್ರಚಿಕಿತ್ಸೆ ತಾಳಿಕೊಂಡಾರು ಎಂದು ತಿಳಿಯಲು 1964ರಲ್ಲಿ ಮಿಷಿಗನ್‌ನ ಚೈಲ್ಡ್ ಮತ್ತು ಟರ್ಕಾಟ್ ಒಂದು ವರ್ಗೀಕರಣ ಮಾಡಿದ್ದರು. ರಕ್ತದ ಬಿಲಿರುಬಿನ್, ಆಲ್ಬುಮಿನ್, ಹೊಟ್ಟೆಯಲ್ಲಿ ತುಂಬಿದ ನೀರು, ಮಿದುಳಿನ ಮಂಕು, ಪೋಷಣೆ ಇವಷ್ಟೇ ಅದರ ಲೆಕ್ಕ. 1973ರಲ್ಲಿ ಲಂಡನ್ನಿನ ಪ್ಯೂ ಪೋಷಣೆಯ ಜಾಗಕ್ಕೆ ರಕ್ತ ಹೆಪ್ಪುಗಟ್ಟುವ ಸಮಯವನ್ನು ತಂದರು. ಗಡ್ಡೆಯ ಮಾತು ಅಲ್ಲೆಲ್ಲೂ ಇಲ್ಲ. ಜಪಾನಿನ ಕುನಿಯೊ ಒಕುಡಾ 1985ರಲ್ಲಿ ಗಡ್ಡೆಯನ್ನೂ ಸೇರಿಸಿದರು. ಆದರೆ ಅವರು ಕೇಳಿದ ಪ್ರಶ್ನೆ, ಅದು ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಆವರಿಸಿದೆಯೇ ಎಂಬುದು. ಅರ್ಧ ಯಕೃತ್ತು! ರೋಗಿಗಳು ಎಷ್ಟು ತಡವಾಗಿ ವೈದ್ಯರ ಬಳಿ ಬರುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಲ್ಟ್ರಾಸೌಂಡ್ ಬಳಕೆ ಹೆಚ್ಚಿ ಸಣ್ಣ ಗಡ್ಡೆಗಳು ಕಣ್ಣಿಗೆ ಬೀಳತೊಡಗಿದ ಮೇಲಷ್ಟೇ ‘ಆರಂಭಿಕ ಹಂತ’ ಎಂಬುದಕ್ಕೆ ಅರ್ಥ ಬಂತು.

ಆ ಹಂತಕ್ಕೆ ಗಡಿ ಎಳೆದದ್ದು ಇಟಲಿಯ ಮಿಲಾನ್ ನಗರದ ವೈದ್ಯರು. ದೊಡ್ಡ ಗಡ್ಡೆಯವರಿಗೂ ಕಸಿ ಮಾಡಿ, ಮತ್ತೆ ಮತ್ತೆ ಸೋತು, ಎಷ್ಟೋ ವೈದ್ಯರು ಕ್ಯಾನ್ಸರ್‌ಗೆ ಕಸಿಯೇ ಬೇಡ ಎನ್ನುತ್ತಿದ್ದ ಕಾಲ. ವಿನ್ಸೆಂಜೊ ಮಜಾಫೆರೊ ತಂಡ ಕಠಿಣ ಮಿತಿ ಹಾಕಿಕೊಂಡಿತು: ಒಂದೇ ಗಡ್ಡೆಯಾದರೆ 5 ಸೆಂಟಿಮೀಟರ್ ಒಳಗೆ; ಹೆಚ್ಚಿದ್ದರೆ ಮೂರು ಮೀರದೆ, ಪ್ರತಿಯೊಂದೂ 3 ಸೆಂಟಿಮೀಟರ್ ಒಳಗೆ. 1996ರಲ್ಲಿ ಪ್ರಕಟವಾದ ಫಲಿತಾಂಶ ಕೇವಲ 48 ರೋಗಿಗಳದ್ದು. ನಾಲ್ಕು ವರ್ಷಗಳ ಬದುಕುಳಿವು ಶೇ. 75. ತೆಗೆದ ಯಕೃತ್ತನ್ನು ಸೀಳಿ ನೋಡಿದಾಗ ನಿಜಕ್ಕೂ ಮಿತಿಯೊಳಗಿದ್ದವರಲ್ಲಿ ಅದು ಶೇ. 85, ಮಿತಿ ಮೀರಿದ್ದವರಲ್ಲಿ ಶೇ. 50. ಇಷ್ಟು ಚಿಕ್ಕ ಅಧ್ಯಯನ ಜಗತ್ತಿನ ಕಸಿ ಪಟ್ಟಿಗಳನ್ನೇ ಬದಲಿಸಿತು.

ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆಸಿಕೊಂಡವರ ಒಗಟು ಇನ್ನೂ ಕಠಿಣ. ಅವರಲ್ಲಿ ಐದು ವರ್ಷದೊಳಗೆ ಶೇ. 70ರಷ್ಟು ಮಂದಿಗೆ ರೋಗ ಮರುಕಳಿಸಬಹುದು. 2003ರಲ್ಲಿ ಜಪಾನಿನ ಇಮಮುರಾ ಮತ್ತು ಸಂಗಡಿಗರು ಎರಡು ವರ್ಷದ ಗೆರೆ ಎಳೆದು, ಆಚೀಚೆ ಬೇರೆ ಬೇರೆ ಕಾರಣಗಳನ್ನು ತೋರಿಸಿದರು. ಬೇಗ ಮರಳುವುದು ಹೆಚ್ಚಾಗಿ ಹಳೆಯ ಗಡ್ಡೆಯಿಂದ ರಕ್ತನಾಳಗಳ ಮೂಲಕ ಮೊದಲೇ ಚೆದುರಿದ್ದ ಕೋಶಗಳು. ತಡವಾಗಿ ಬರುವುದು, ಹೆಪಟೈಟಿಸ್ ಅಥವಾ ಸಿರೋಸಿಸ್‌ನಿಂದ ಜರ್ಜರಿತವಾದ ಯಕೃತ್ತಿನಲ್ಲಿ ಹುಟ್ಟುವ ಹೊಸ ಕ್ಯಾನ್ಸರ್.

ಈ ಚರಿತ್ರೆಯ ಅತ್ಯಂತ ಸೋಜಿಗದ ಪುಟ 2008ರದ್ದು. ಯುಜಿನ್ ಹೋಶಿದಾ ತಂಡ ಫಾರ್ಮಲಿನ್‌ನಲ್ಲಿ ಕಾಪಿಟ್ಟ ಹಳೆಯ ಅಂಗಾಂಶಗಳ ಜೀನ್ ಚಟುವಟಿಕೆಯನ್ನು ಓದಿತು. ಗಡ್ಡೆಯ ಜೀನ್‌ಗಳಿಂದ ರೋಗಿ ಎಷ್ಟು ಕಾಲ ಬದುಕುತ್ತಾನೆಂದು ತಿಳಿಯಲಿಲ್ಲ. ಗಡ್ಡೆಯ ಪಕ್ಕದ ಯಕೃತ್ತಿನ ಜೀನ್‌ಗಳು ತಿಳಿಸಿದವು. ದಶಕಗಳ ಕಾಲ ಗಡ್ಡೆಯನ್ನೇ ಅಳೆದ ವೈದ್ಯಲೋಕಕ್ಕೆ ಇದು ದೊಡ್ಡ ತಿದ್ದುಪಡಿ. ಹೆಪಟೈಟಿಸ್ ಬಿ ಇರುವವರಿಗೆ ಶಸ್ತ್ರಚಿಕಿತ್ಸೆಯ ನಂತರವೂ ವೈರಸ್ ತಡೆಯುವ ಮಾತ್ರೆ ಕೊಡುವುದರ ಹಿಂದೆ ಇರುವುದೂ ಇದೇ ತಿಳಿವಳಿಕೆ. 2015ರಲ್ಲಿ ಬಂದ ಆಲ್ಬಿ ದರ್ಜೆಯಂತೂ ಆಲ್ಬುಮಿನ್, ಬಿಲಿರುಬಿನ್ ಎರಡರಿಂದಲೇ ಯಕೃತ್ತಿನ ಶಕ್ತಿಯನ್ನು ಅಳೆಯುತ್ತದೆ.

ಅಪಾಯ ಹೆಚ್ಚಿದೆಯೆಂದು ಗುರುತಿಸಿದವರಿಗೆ ರೋಗ ಮರಳುವ ಮುಂಚೆಯೇ ಔಷಧ ಕೊಟ್ಟರೆ? ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಜೋಡಿಯನ್ನು ಅಂಥ ರೋಗಿಗಳಿಗೆ ಕೊಟ್ಟ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮರುಕಳಿಕೆ ಕಡಿಮೆಯಾದದ್ದು ಕಂಡಿತು. ಹೆಚ್ಚು ಕಾಲ ನೋಡಿದಾಗ ಆ ಲಾಭ ಉಳಿಯಲಿಲ್ಲ.