ಐದನೆಯ ವರ್ಷದಿಂದ ಜೂನ್ ತಿಂಗಳಿಗೆ: ಕನ್ನಡ ನಾಡಿನಲ್ಲಿ ಬೇಸಿಗೆ ರಜೆ ಮತ್ತು ಶಾಲೆಯ ಸಿದ್ಧತೆ

ಕರ್ನಾಟಕದ ಕುಟುಂಬಗಳಲ್ಲಿ ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗಿನ ಅವಧಿಯು ಎರಡು ಪಾಲಾಗಿ ಕಳೆಯುತ್ತದೆ. ಮೊದಲ ಪಾಲು ಅಜ್ಜಿಮನೆ, ಜಾತ್ರೆ, ಉದ್ಯಾನ, ಮೃಗಾಲಯಗಳ ತಿರುಗಾಟಕ್ಕೆ ಮೀಸಲಾದರೆ, ಎರಡನೆಯದು ಮಕ್ಕಳಿಗೆ ಸಮವಸ್ತ್ರ, ಚೀಲ, ನೋಟುಪುಸ್ತಕ, ಕೊಡೆಗಳನ್ನು ಹೊಂದಿಸುವ ಓಡಾಟದಲ್ಲಿ ಮುಗಿಯುತ್ತದೆ. ಮುಂಗಾರು ಮತ್ತು ಶಾಲೆ ಎರಡೂ ಜೂನ್ ಮೊದಲ ದಿನಗಳಲ್ಲೇ ಕಾಲಿಡುವುದರಿಂದ, ಈ ಏರ್ಪಾಡು ಋತುಮಾನದಷ್ಟೇ ಸಹಜವಾದುದೆಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ಇಂದಿನ ರೂಪದ ಬೇಸಿಗೆ ರಜೆಯು ಸರ್ಕಾರಿ ಶಾಲೆಯೊಂದಿಗೆ ಬಂದುದೇ ಹೊರತು ಅದಕ್ಕಿಂತ ಹಿಂದಿನದಲ್ಲ. ಅದಕ್ಕೂ ಮೊದಲು ಮಗು ಓದಿಗೆ ಕೂರುವ ದಿನವನ್ನು ನಿಗದಿಪಡಿಸುತ್ತಿದ್ದುದು ಮಗುವಿನ ವಯಸ್ಸು ಮತ್ತು ಮನೆಯ ಪಂಚಾಂಗ. ಮುಂದೆ ಆ ಅಧಿಕಾರವು ಇಲಾಖೆಯ ವೇಳಾಪಟ್ಟಿಗೆ ಹೋಯಿತು. ಬೇಸಿಗೆಯ ವಿಹಾರ ಮತ್ತು ಶಾಲೆಯ ಸಿದ್ಧತೆ ಒಂದೇ ದಾರದಲ್ಲಿ ಪೋಣಿಸಿಕೊಂಡದ್ದು ಈ ಹಸ್ತಾಂತರದಿಂದಲೇ.

ಹಳೆಯ ಪದ್ಧತಿಯನ್ನು ಕುರಿತ ಅತ್ಯಂತ ವಿವರವಾದ ದಾಖಲೆಗಳಲ್ಲೊಂದು ಬಳ್ಳಾರಿಯದು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ದೇಶೀ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿಯು ಅಂಕಿಅಂಶಗಳಿಗೆ ನಿಲ್ಲದೆ ಪಾಠಕ್ರಮವನ್ನೂ ಆಚಾರಗಳನ್ನೂ ವರ್ಣಿಸಿತು. ಆ ಜಿಲ್ಲೆಯಲ್ಲಿ ಆಗ ಇದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷಿನದು ಒಂದೇ ಒಂದು. ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಇಂಥ ಶಾಲೆಗಳಿಗೆ ಕನ್ನಡದಲ್ಲಿ ಕೂಲಿಮಠ ಎಂದೂ ಐಗಳ ಮಠ ಎಂದೂ ಹೆಸರು. ಊರ ದೇವಸ್ಥಾನದ ಅಂಗಳದಲ್ಲೋ ಯಾರದೋ ಮನೆಯ ಜಗುಲಿಯಲ್ಲೋ ಪಾಠ ನಡೆಸಿ, ಮಕ್ಕಳ ಮನೆಯವರು ಕೊಡುವ ಹಣ, ದವಸಗಳಿಂದ ಜೀವನ ಸಾಗಿಸುತ್ತಿದ್ದ ಉಪಾಧ್ಯಾಯರೇ ಐಗಳು.

ಕ್ಯಾಂಪ್‌ಬೆಲ್ ಹೇಳುವಂತೆ ಹಿಂದೂ ಬಾಲಕರ ವಿದ್ಯಾಭ್ಯಾಸವು ಸಾಮಾನ್ಯವಾಗಿ ಐದನೆಯ ವಯಸ್ಸಿನಲ್ಲಿ ಆರಂಭವಾಗುತ್ತಿತ್ತು, ಮತ್ತು ಅದರ ಮೊದಲ ಹೆಜ್ಜೆ ಬೀಳುತ್ತಿದ್ದುದು ಮಗುವಿನ ಮನೆಯಲ್ಲಿಯೇ. ಮಗುವನ್ನು ಸೇರಿಸಲಿರುವ ಮಠದ ಗುರುವನ್ನೂ ಅಲ್ಲಿನ ಹುಡುಗರನ್ನೂ ಮನೆಗೆ ಆಹ್ವಾನಿಸಲಾಗುತ್ತಿತ್ತು. ಎಲ್ಲರೂ ಗಣೇಶನ ಮೂರ್ತಿಯ ಸುತ್ತ ಕುಳಿತ ಮೇಲೆ ಗುರುವು ಧೂಪ, ನೈವೇದ್ಯಗಳನ್ನು ಅರ್ಪಿಸಿ, ಬುದ್ಧಿಯನ್ನು ಬೇಡುವ ಪ್ರಾರ್ಥನೆಯನ್ನು ಮಗುವಿನಿಂದ ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಸುತ್ತಿದ್ದನು. ತಂದೆತಾಯಿಗಳು ಯಥಾಶಕ್ತಿ ಕಾಣಿಕೆ ಸಲ್ಲಿಸುತ್ತಿದ್ದರು; ಮರುದಿನ ಬೆಳಿಗ್ಗೆಯಿಂದ ಮಗು ಮಠಕ್ಕೆ ಹೋಗತೊಡಗುತ್ತಿತ್ತು. ಅಕ್ಷರಾಭ್ಯಾಸವೆಂದು ಇಂದಿಗೂ ಉಳಿದಿರುವ ಸಂಸ್ಕಾರ ಇದೇ. ಆದರೆ ಆಗ ಅದರಲ್ಲಿ ಮತ್ತೊಂದು ಅಂಶವೂ ಸೇರಿತ್ತು: ಹೊಸ ಹುಡುಗನು ಅಪರಿಚಿತ ಮಠಕ್ಕೆ ಹೋಗುವ ಮುನ್ನ ಮಠವೇ ಅವನ ನಡುಮನೆಗೆ ಬಂದು ಪರಿಚಯ ಮಾಡಿಕೊಳ್ಳುತ್ತಿತ್ತು.

ಮಠದ ಶಿಸ್ತು ಇಷ್ಟು ಮೃದುವಾಗಿರಲಿಲ್ಲ. ಬೆಳಗಿನ ಆರು ಗಂಟೆಗೆ ಮಠ ತೆರೆದಾಗ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯಲಾಗುತ್ತಿತ್ತು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬುದರ ಗುರುತಾಗಿ ಸೊನ್ನೆ ಬೀಳುತ್ತಿತ್ತು. ಮೂರನೆಯವನಿಗೆ ಮೆಲುವಾದ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಆದರೆ ಮಗುವನ್ನು ಮಠಕ್ಕೆ ಅಣಿಗೊಳಿಸಲು ಮನೆಯವರು ಕೊಳ್ಳಬೇಕಾದ ಸಾಮಗ್ರಿ ಅತ್ಯಲ್ಪವಾಗಿತ್ತು. ಮೊದಲ ಅಕ್ಷರಗಳನ್ನು ನೆಲದ ಮರಳಿನ ಮೇಲೆ ಬೆರಳಿನಿಂದಲೇ ತಿದ್ದಲಾಗುತ್ತಿತ್ತು. ಅನಂತರ ಬರುತ್ತಿದ್ದವು ಹಲಗೆ ಮತ್ತು ಕಡತ. ಹಲಗೆಯೆಂದರೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡಿಗೆ ಅನ್ನದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದದ್ದು; ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. ಎರಡರ ಮೇಲೂ ಬಳಪದಿಂದ ಬರೆದು, ಒದ್ದೆಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದಾಗಿತ್ತು. ಕಡತವೆಂಬ ಮಾತು ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಸಲ್ಲುತ್ತಿದ್ದು, ಅದು ಒಮ್ಮೆ ಮಕ್ಕಳ ಕೈಯಲ್ಲೂ ಇತ್ತೆಂಬ ನೆನಪು ಬಹುಮಟ್ಟಿಗೆ ಮಾಸಿದೆ.

ಇಂಥ ಮಠಗಳಿಗೆ ಬಿಡುವು ಇರಲಿಲ್ಲವೆಂದಲ್ಲ. ಅದರ ಲಯ ಬೇರೆಯಾಗಿತ್ತು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನದ ಪಾಡ್ಯಗಳಲ್ಲಿ ಪಾಠ ನಿಲ್ಲುತ್ತಿತ್ತು. ವೇದಪಾಠದಲ್ಲಿ ಅನಧ್ಯಯನ, ಅಂದರೆ ಓದಬಾರದ ದಿನಗಳು, ಎಂದು ಕರೆಯುವ ನಿಯಮದ ನೆರಳು ಇದರ ಮೇಲಿತ್ತು. ಮಕ್ಕಳ ಪಾಲಿಗೆ ವರ್ಷದ ದೊಡ್ಡ ಸಂಭ್ರಮವು ಬೇಸಿಗೆಯಲ್ಲಲ್ಲ, ಮಹಾನವಮಿಯಲ್ಲಿ ಬರುತ್ತಿತ್ತು. ಆಗ ಐಗಳು ಹುಡುಗರನ್ನು ಕರೆದುಕೊಂಡು ಮನೆಮನೆಗೂ ಹೋಗಿ, ಚೌಪದಗಳೆಂಬ ನಾಲ್ಕು ಸಾಲಿನ ಹಾರೈಕೆಯ ಪದ್ಯಗಳನ್ನು ಹಾಡಿಸಿ ಕಾಣಿಕೆ ಪಡೆಯುತ್ತಿದ್ದರು. ಕರಾವಳಿಯ ಉಡುಪಿ, ಕುಂದಾಪುರಗಳ ಕಡೆ ನವರಾತ್ರಿಯಲ್ಲಿ ಬಾಲಕರು ಹೂವಿನಿಂದ ಸಿಂಗರಿಸಿದ ಕೋಲು ಹಿಡಿದು ಮನೆಗಳ ಚಾವಡಿಯಲ್ಲಿ ಯಕ್ಷಗಾನದ ಅರ್ಥ ಹೇಳುವ ಹೂವಿನಕೋಲು ಎಂಬ ಕಲೆಯೂ ಈ ಸಂಪ್ರದಾಯದ ಕವಲು. ಅದು ಮಕ್ಕಳಿಗೆ ತಿರುಗಾಟ, ಮನೆಯವರಿಗೆ ಮಗುವಿನ ಕಲಿಕೆಯ ಪರೀಕ್ಷೆ, ಗುರುವಿಗೆ ವರಮಾನ. ಓದು ಮತ್ತು ವಿಹಾರದ ನಡುವೆ ಆಗ ಗೋಡೆ ಎದ್ದಿರಲಿಲ್ಲ.

ಬೇಸಿಗೆಯ ಬಿಡುವು ಸೇರಿದ್ದು ಬೇಸಾಯದ ಲೆಕ್ಕಕ್ಕೆ. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ, ಮುಂಗಾರಿನ ಬಿತ್ತನೆಗೆ ಮುನ್ನ, ಹೊಲದಲ್ಲಿ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಮದುವೆ, ರಥೋತ್ಸವ, ಊರಹಬ್ಬಗಳು ನಡೆಯುತ್ತಿದ್ದವು. ಮೇಲುಕೋಟೆಯ ವೈರಮುಡಿ, ನಂಜನಗೂಡಿನ ದೊಡ್ಡ ಜಾತ್ರೆ, ಬೆಂಗಳೂರಿನ ಕರಗ ಇವೆಲ್ಲ ಮಾರ್ಚ್, ಏಪ್ರಿಲ್‌ಗಳ ಆಸುಪಾಸಿನಲ್ಲಿ ಬರುವುದು ಆಕಸ್ಮಿಕವಲ್ಲ. ಗಾಡಿ ಕಟ್ಟಿ, ಬುತ್ತಿ ಕಟ್ಟಿ, ಮನೆಮಂದಿಯೆಲ್ಲ ಜಾತ್ರೆಗೆ ಹೋಗಿಬರುವುದೇ ಕುಟುಂಬ ವಿಹಾರದ ಹಳೆಯ ರೂಪ. ದೇವರ ದರ್ಶನ, ದನಗಳ ವ್ಯಾಪಾರ, ನೆಂಟರ ಭೇಟಿ, ಮಕ್ಕಳಿಗೆ ಬೆಂಡುಬತ್ತಾಸು ಎಲ್ಲವೂ ಒಂದೇ ಪಯಣದಲ್ಲಿ ಕೂಡುತ್ತಿದ್ದವು. ಈ ಋತುವಿನ ಮುಕ್ತಾಯಕ್ಕೂ ಗಡಿಗಳಿದ್ದವು. ತುಳುನಾಡಿನಲ್ಲಿ ಸೌರಮಾನದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಬರುವ ಪತ್ತನಾಜೆಯಂದು ಭೂತಕೋಲಗಳೂ ಮೇಳಗಳ ಯಕ್ಷಗಾನ ತಿರುಗಾಟವೂ ನಿಲ್ಲುತ್ತವೆ. ಮಳೆಗಾಲವಿಡೀ ಗೆಜ್ಜೆಯ ಸದ್ದು ಅಡಗಿರುತ್ತದೆ. ಮುಂದೆ ಶಾಲೆಯ ಪುನರಾರಂಭವು ಇದೇ ಗಡಿಯ ಮಗ್ಗುಲಿಗೆ ಬಂದು ನಿಂತಿತು.

ಸರ್ಕಾರಿ ಶಿಕ್ಷಣವ್ಯವಸ್ಥೆ ಈ ಚಿತ್ರವನ್ನು ನಿಧಾನವಾಗಿ ಬದಲಿಸಿತು. ಬ್ರಿಟಿಷರ ಶಿಕ್ಷಣನೀತಿಯನ್ನು ರೂಪಿಸಿದ 1854ರ ವುಡ್ ವರದಿಯ ಬೆನ್ನಿಗೆ 1857ರಲ್ಲಿ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು, 1868ರಲ್ಲಿ ಇಲಾಖೆಯ ಅಧಿಕಾರಿ ಬಿ. ಎಲ್. ರೈಸ್ ರೂಪಿಸಿದ ಯೋಜನೆಯು ತಾಲ್ಲೂಕಿನ ಉಪವಿಭಾಗವಾದ ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂದಿತು; 1913ರ ಪ್ರಾಥಮಿಕ ಶಿಕ್ಷಣದ ಕಾನೂನು ಆಯ್ದ ಪ್ರದೇಶಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿ ಮಾಡಿತು. ತರಗತಿ, ಹಾಜರಿ ಪುಸ್ತಕ, ವಾರ್ಷಿಕ ಪರೀಕ್ಷೆಗಳು ಬಂದ ಮೇಲೆ, ಮಕ್ಕಳು ತಮಗೆ ಒದಗಿದ ಶುಭದಿನದಂದು ಒಬ್ಬೊಬ್ಬರಾಗಿ ಸೇರುವುದು ಸಾಧ್ಯವಾಗದೆ, ಎಲ್ಲರೂ ಒಟ್ಟಿಗೆ ಆರಂಭಿಸಿ ಒಟ್ಟಿಗೆ ಮುಗಿಸಬೇಕಾಯಿತು. ಆ ಆರಂಭವು ಜೂನ್‌ನಲ್ಲೇ ಇರಬೇಕೆಂಬುದೂ ಮೊದಲಿನಿಂದ ಬಂದ ನಿಯಮವಲ್ಲ: ಮೈಸೂರಿನ ಕಾಲೇಜುಗಳು ಸೇರಿಕೊಂಡಿದ್ದ ಮದ್ರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಡಿಸೆಂಬರ್‌ನಲ್ಲಿ ನಡೆಯುತ್ತಿದ್ದುದುಂಟು. ಬಿಸಿಲಿನ ತಿಂಗಳುಗಳಲ್ಲಿ ನ್ಯಾಯಾಲಯಗಳು ಬಾಗಿಲು ಮುಚ್ಚುತ್ತಿದ್ದ ಮತ್ತು ಪ್ರಾಂತ ಸರ್ಕಾರಗಳು ಊಟಿ, ಮಹಾಬಲೇಶ್ವರಗಳಿಗೆ ಏರುತ್ತಿದ್ದ ಆಡಳಿತದಲ್ಲಿ, ದೀರ್ಘ ಬಿಡುವು ಬೇಸಿಗೆಗೆ ಸರಿದು, ಮಳೆಯೊಂದಿಗೆ ಹೊಸ ವರ್ಷ ತೆರೆಯುವ ಕ್ರಮವು ಕ್ರಮೇಣ ನೆಲೆಗೊಂಡಿತು.

ಈ ವೇಳಾಪಟ್ಟಿ ಕಚೇರಿಗೆ ಹೊಂದಿದಷ್ಟು ಹೊಲಕ್ಕೆ ಹೊಂದಲಿಲ್ಲ. ರೋಹಿಣಿ, ಮೃಗಶಿರಾ ಮಳೆಗಳಲ್ಲಿ, ಅಂದರೆ ಮೇ ಕೊನೆಯಿಂದ ಜೂನ್ ಮೂರನೆಯ ವಾರದವರೆಗೆ, ಉಳುಮೆ ಬಿತ್ತನೆಗಳಿಗೆ ಕೈಗಳು ಬೇಕಾದಾಗಲೇ ಶಾಲೆಯ ಗಂಟೆ ಬಾರಿಸುತ್ತಿತ್ತು. ಹೀಗಾಗಿ ರೈತರ ಮಕ್ಕಳ ದಾಖಲಾತಿಗೆ ಮೇಷ್ಟರೇ ಮನೆಮನೆ ಸುತ್ತಬೇಕಾಗುತ್ತಿತ್ತು. ಜನನದ ದಾಖಲೆ ಇಲ್ಲದ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ, ಮುಟ್ಟಿದರೆ ಶಾಲೆಗೆ ತಕ್ಕ ವಯಸ್ಸಾಯಿತೆಂದು ತೀರ್ಮಾನಿಸಿ, ಶಾಲೆ ತೆರೆಯುವ ದಿನಕ್ಕೆ ಹೊಂದುವ ಜನ್ಮದಿನಾಂಕವನ್ನು ಬರೆದುಕೊಳ್ಳುವುದು ವಾಡಿಕೆಯಾಯಿತು. ಹಳೆಯ ತಲೆಮಾರಿನ ಅನೇಕರ ಶಾಲಾ ದಾಖಲೆಗಳಲ್ಲಿ ಹುಟ್ಟಿದ ತಿಂಗಳು ಜೂನ್ ಎಂದಿರುವುದಕ್ಕೆ ಇದೇ ಕಾರಣ. ಮಗುವಿನ ವಯಸ್ಸು ಓದಿನ ದಿನವನ್ನು ನಿರ್ಧರಿಸುತ್ತಿದ್ದ ಕಾಲ ಹೋಗಿ, ಶಾಲೆಯ ದಿನವೇ ಮಗುವಿನ ವಯಸ್ಸನ್ನು ನಿರ್ಧರಿಸುವ ಕಾಲ ಬಂದಿತ್ತು.

ಇಲಾಖೆಯು ಹೀಗೆ ತೆರವುಗೊಳಿಸಿದ ವಾರಗಳನ್ನು ಕುಟುಂಬಗಳು ಮೊದಲು ತುಂಬಿದ್ದು ಹಳೆಯ ಋತುವಿನ ಕೆಲಸಗಳಿಂದಲೇ. ಮಕ್ಕಳು ತಾಯಿಯ ತವರಿಗೆ ಹೋಗಿ, ಮಾವಿನಹಣ್ಣು, ಹಲಸಿನಹಣ್ಣುಗಳ ಕಾಲ ಕಳೆದು, ಹಪ್ಪಳ ಸಂಡಿಗೆಗಳನ್ನು ಕಾಗೆಗಳಿಂದ ಕಾಯುವ ಕೆಲಸಕ್ಕೆ ನೇಮಕಗೊಳ್ಳುತ್ತಿದ್ದರು. ನಗರಗಳಲ್ಲಿ ಮಾತ್ರ ಹೊಸ ಬಗೆಯ ವಿಹಾರ ರೂಪುಗೊಂಡಿತು. ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1870ರಲ್ಲಿ ಕಬ್ಬನ್ ಪಾರ್ಕ್ ತಲೆಯೆತ್ತಿತು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೈಸೂರಿನಲ್ಲಿ ಮೃಗಾಲಯ ಸ್ಥಾಪಿಸಿದರು. 1882ರಲ್ಲಿ ರೈಲುಮಾರ್ಗ ಮೈಸೂರನ್ನು ಮುಟ್ಟಿದ ಮೇಲೆ ಎರಡು ನಗರಗಳ ನಡುವಣ ಪ್ರಯಾಣ ಸುಲಭವಾಯಿತು. ಕಾವೇರಿಗೆ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಆಸಕ್ತಿಯಿಂದ 1930ರ ದಶಕದ ಆರಂಭದಲ್ಲಿ ಸಿದ್ಧಗೊಂಡ ಬೃಂದಾವನವು ದೀಪ ಹೊತ್ತಿಸಿದ ಕಾರಂಜಿಗಳಿಂದ ನಾಡಿನ ಪ್ರವಾಸಗಳ ಮುಖ್ಯ ತಾಣವಾಯಿತು. 1948ರಲ್ಲಿ ಮೈಸೂರು ಸರ್ಕಾರದ ಬಸ್ಸುಗಳು ಓಡತೊಡಗಿದ ಮೇಲೆ ರೈಲಿಲ್ಲದ ಊರುಗಳೂ ಈ ಸುತ್ತಿನೊಳಗೆ ಬಂದವು. ಜಾತ್ರೆಗೂ ಈ ವಿಹಾರಕ್ಕೂ ಬುತ್ತಿ ಒಂದೇ ಆಗಿತ್ತು: ದಕ್ಷಿಣದಲ್ಲಿ ಚಿತ್ರಾನ್ನ, ಮೊಸರನ್ನ, ಉತ್ತರದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಉದ್ದೇಶ ಮಾತ್ರ ಬದಲಾಗಿತ್ತು. ಜಾತ್ರೆಗೆ ದೇವರು ಕಾರಣ, ಮಕ್ಕಳು ಜೊತೆಗೆ. ಮೃಗಾಲಯಕ್ಕೆ ಮಕ್ಕಳೇ ಕಾರಣ, ಹಿರಿಯರು ಜೊತೆಗೆ.

ರಜೆಯನ್ನು ಮಕ್ಕಳಿಗಾಗಿಯೇ ರೂಪಿಸಬೇಕೆಂಬ ವಿಚಾರವೂ ಇದೇ ಕಾಲದ್ದು. ಪತ್ರಕರ್ತೆ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಮಕ್ಕಳ ಕೂಟ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳು, ಅನಂತರ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಇವು ಆಟ, ಹಾಡು, ನಾಟಕಗಳ ಮೂಲಕ ಮಗುವಿಗೆ ಶಾಲೆಯಾಚೆಯ ಕಲಿಕೆಯನ್ನು ಒದಗಿಸಿದವು. ಇಂದಿನ ಬೇಸಿಗೆ ಶಿಬಿರಗಳು ಈ ದಾರಿಯಲ್ಲೇ ಬಂದವಾದರೂ, ಹಲವು ಕಡೆ ಮುಂದಿನ ತರಗತಿಯ ಪಾಠವೇ ರಜೆಯೊಳಗೆ ನುಸುಳಿದೆ.

ಮೇ ತಿಂಗಳ ಎರಡನೆಯ ಪಾಲಿನ ಸಿದ್ಧತೆಯೂ ಕಾಲಕ್ಕೆ ತಕ್ಕಂತೆ ಬೆಳೆಯಿತು. ಮರಳು, ಕಡತಗಳ ಜಾಗಕ್ಕೆ ಸ್ಲೇಟು ಬಂದಿತು. ಉತ್ತರ ಕರ್ನಾಟಕದಲ್ಲಿ ಸ್ಲೇಟಿಗೆ ಪಾಟಿ ಎಂದೇ ಹೆಸರಾದುದರಿಂದ ಶಾಲೆಯ ಚೀಲ ಪಾಟಿಚೀಲವಾಯಿತು. ಮೇಲಿನ ತರಗತಿಯ ಹುಡುಗರಿಂದ ಅರ್ಧ ಬೆಲೆಗೆ ಕೊಂಡ ಪಠ್ಯಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸುವುದು, ಬೆಳೆಯುವ ಮಕ್ಕಳೆಂದು ಸಮವಸ್ತ್ರವನ್ನು ದೊಡ್ಡ ಅಳತೆಗೇ ಹೊಲಿಸುವುದು, ಮಲೆನಾಡಿನಲ್ಲಿ ಕಂಬಳಿಕೊಪ್ಪೆಯನ್ನೋ ಕೊಡೆಯನ್ನೋ ಹೊಂದಿಸುವುದು ಮನೆಯ ವಾರ್ಷಿಕ ಕ್ರಿಯೆಗಳಾದವು. ಈ ಹೊರೆಯ ಒಂದು ಭಾಗವನ್ನು ಮುಂದೆ ರಾಜ್ಯವೇ ಹೊತ್ತುಕೊಂಡಿತು: ಸರ್ಕಾರಿ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ, ಸಮವಸ್ತ್ರಗಳು ಬಂದವು, 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟ ಯೋಜನೆ ಮೊದಲಾಯಿತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು.

ಆ ಏಳು ಜಿಲ್ಲೆಗಳಿಂದಲೇ ಬಿಸಿಯೂಟ ಆರಂಭವಾದುದಕ್ಕೆ ಹಳೆಯ ಹಿನ್ನೆಲೆಯಿದೆ. ಯುರೋಪಿನ ಹತ್ತಿಬಟ್ಟೆಗಳು ನೇಕಾರಿಕೆಯನ್ನು ಕುಗ್ಗಿಸಿ, ಬಡತನ ಹೆಚ್ಚಿ, ತಂದೆತಾಯಿಗಳು ಮಕ್ಕಳನ್ನು ಎಳೆವಯಸ್ಸಿನಲ್ಲೇ ದುಡಿಮೆಗೆ ಹಚ್ಚುತ್ತಿರುವುದರಿಂದ ಹಿಂದೆ ಶಾಲೆಗಳಿದ್ದ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲವೆಂದು ಕ್ಯಾಂಪ್‌ಬೆಲ್ ಬರೆದದ್ದು ಆ ಏಳರಲ್ಲೊಂದಾದ ಬಳ್ಳಾರಿಯ ಸೀಮೆಯನ್ನು ಕುರಿತೇ. ಇಂದಿಗೂ ಇಲ್ಲಿನ ಬರಗಾಲದ ಊರುಗಳಿಂದ ಬೇಸಿಗೆಯಲ್ಲಿ ಕುಟುಂಬಗಳು ಗುಳೆ ಹೋಗುತ್ತವೆ. ಕೂಲಿಗಾಗಿ ಮನೆಗೆ ಬೀಗ ಹಾಕಿ ಬೆಂಗಳೂರು, ಗೋವಾ, ಮುಂಬಯಿಗಳಿಗೆ ವಲಸೆ ಹೋಗುವುದೇ ಗುಳೆ. ಅಂಥ ಮಕ್ಕಳಿಗೆ ಬೇಸಿಗೆಯ ಪಯಣವೆಂದರೆ ಕಟ್ಟಡ ಕಾಮಗಾರಿಯ ಶೆಡ್ಡು; ಜೂನ್‌ಗೆ ಸಿದ್ಧರಾಗುವುದೆಂದರೆ ಮಳೆ ಬಿದ್ದು ಮನೆಯವರು ಊರಿಗೆ ಮರಳುವುದು. ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡುವ ಕ್ರಮವು, ಈ ರಜೆ ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ಸರ್ಕಾರವೇ ಒಪ್ಪಿಕೊಂಡದ್ದಕ್ಕೆ ಸಾಕ್ಷಿ.

ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ರ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದಾಗ ಎದ್ದ ಚರ್ಚೆಯು, ಮಗುವಿನ ವಯಸ್ಸು ಮತ್ತು ಶಾಲೆಯ ದಿನಾಂಕಗಳ ಹಳೆಯ ತಿಕ್ಕಾಟ ಇನ್ನೂ ಮುಗಿದಿಲ್ಲವೆಂಬುದನ್ನು ತೋರಿಸಿತು. ಅದೇ ಹೊತ್ತಿಗೆ, ಶಾಲೆ ತೆರೆಯುವ ದಿನ ಪ್ರಾರಂಭೋತ್ಸವದ ಹೆಸರಿನಲ್ಲಿ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಹೊಸ ಮಕ್ಕಳಿಗೆ ಸಿಹಿ ಹಂಚಿ ಬರಮಾಡಿಕೊಳ್ಳುವ ಕ್ರಮವು, ಗುರುವೂ ಹುಡುಗರೂ ಮಗುವಿನ ಮನೆಗೆ ಬರುತ್ತಿದ್ದ ಬಳ್ಳಾರಿಯ ಆಚಾರವನ್ನು ತಿರುಗುಮುರುಗಾಗಿ ನೆನಪಿಸುತ್ತದೆ. ಮನೆಗಳಾದರೋ ತಮ್ಮ ಪಂಚಾಂಗವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ವಿಜಯದಶಮಿಯಂದು ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿಯೂ ಊರೂರಿನ ದೇವಸ್ಥಾನಗಳಲ್ಲಿಯೂ ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸುವ ಮಕ್ಕಳು, ಇಲಾಖೆಯ ಲೆಕ್ಕದಲ್ಲಿ ವಿದ್ಯಾರ್ಥಿಗಳಾಗಲು ಇನ್ನೂ ಒಂದು ಬೇಸಿಗೆಯನ್ನು ದಾಟಬೇಕಾಗಿರುತ್ತದೆ.